ಬಂದೆ ಅಂದಮೇಲೆ

ನಮ್ಮ ಮಾತಿನಲ್ಲಿ ಎಲ್ಲಕ್ಕಿಂತ ಸಲೀಸಾಗಿ ಹೇಳಬಹುದಾದ ಸುಳ್ಳು ಎರಡೇ ಅಕ್ಷರದ್ದು: ಬಂದೆ. ಒಳಗಿನಿಂದ ಯಾರೋ ಕರೆಯುತ್ತಾರೆ, ನಾವು ಕೂತ ಜಾಗದಿಂದ ಒಂದಿಷ್ಟೂ ಅಲ್ಲಾಡದೆ ‘ಬಂದೆ’ ಎನ್ನುತ್ತೇವೆ. ಹೊರಟಿರುವುದಿಲ್ಲ, ಹೊರಡುವ ಯೋಚನೆಯೂ ಇರುವುದಿಲ್ಲ, ಆದರೆ ಮಾತಿನಲ್ಲಿ ಆಗಲೇ ಬಂದುಬಿಟ್ಟಿರುತ್ತೇವೆ. ಕರೆದವರಿಗೂ ಇದು ಗೊತ್ತು, ಹೇಳಿದವರಿಗೂ ಗೊತ್ತು. ಹಾಗಾಗಿ ಯಾರೂ ಇದನ್ನು ಸುಳ್ಳೆಂದು ಲೆಕ್ಕಕ್ಕೆ ಹಿಡಿಯುವುದಿಲ್ಲ.

ಈ ಸುಳ್ಳಿನಲ್ಲಿ ಪಳಗಿದ್ದವರು ಟೈಲರ್ ಮಾಸ್ಟ್ರು. ಕೆಳಗೆ ಅಂಗಡಿ, ಅದರ ನೆತ್ತಿಯ ಮೇಲೆ ಮನೆ, ನಡುವೆ ಒಂದು ಕಡಿದಾದ ಮೆಟ್ಟಿಲು. ಊಟಕ್ಕೆ ಹೆಂಡತಿ ಮೇಲಿನಿಂದ ಕೂಗಿದರೆ ಬಂದೆ. ಗಿರಾಕಿ ಬಾಗಿಲಲ್ಲಿ ನಿಂತು ನನ್ನ ಷರಟು ಎಲ್ಲಿ ಎಂದರೆ ಒಳಗಿನಿಂದ ಬಂದೆ. ಮುಂದಿನ ತಿಂಗಳ ಮದುವೆಗೆ ಈಗಲೇ ಕರೆದರೂ ಬಂದೆ. ಬೀದಿಯವರು ಬೆನ್ನ ಹಿಂದೆ ಅವರನ್ನು ‘ಬಂದೆ ಮಾಸ್ಟ್ರು’ ಎಂದೇ ಕರೆಯುತ್ತಿದ್ದರು. ಅದು ಅವರಿಗೆ ತಿಳಿದಿತ್ತು, ಬೇಸರವೇನೂ ಇರಲಿಲ್ಲ. ಹೊಲಿದರೆ ಮೈಗೆ ಅಚ್ಚೊತ್ತಿದ ಹಾಗೆ ಹೊಲಿಯುತ್ತಿದ್ದರು. ಹೇಳಿದ ದಿನ ಕೊಡುವ ವಿಷಯ ಬಂದಾಗ ಮಾತ್ರ ಕೈಯೆತ್ತಿಬಿಡುತ್ತಿದ್ದರು, ಗಿರಾಕಿಗಳು ಬೈದುಕೊಂಡೇ ಮತ್ತೆ ಅವರ ಹತ್ತಿರವೇ ಬರುತ್ತಿದ್ದರು.

ಒಂದು ಸಂಜೆ ಅವರು ಮೆಟ್ಟಿಲು ಹತ್ತಿ ಬಂದು ಕಾಲು ಚಾಚಿ ಕೂತಾಗ ಹೆಂಡತಿ ಅವರ ಬಲಗಾಲನ್ನೇ ನೋಡುತ್ತ ನಿಂತುಬಿಟ್ಟರು. ಹೆಬ್ಬೆರಳಿನ ಬುಡದಲ್ಲಿ ಒಂದು ಗುಂಡುಸೂಜಿ ತಲೆಯವರೆಗೂ ಚುಚ್ಚಿಕೊಂಡಿತ್ತು. ಹಳದಿ ತಲೆಯ ಸೂಜಿ, ಮಧ್ಯಾಹ್ನ ಒಂದು ಕೋಟಿನ ತೋಳನ್ನು ಕೂಡಿಸುವಾಗ ಬಳಸಿದ್ದು. ಅಂದರೆ ಮಧ್ಯಾಹ್ನದಿಂದಲೂ ಅವರು ಅದನ್ನು ಮೆಟ್ಟಿಕೊಂಡೇ ಬರಿಗಾಲಲ್ಲಿ ಮಿಷನ್ ತುಳಿದಿದ್ದರು. ನೋಯುತ್ತಿಲ್ಲವೇ ಎಂದು ಹೆಂಡತಿ ಕೇಳಿದರು. ಏನು ನೋಯಬೇಕು ಎಂದು ಮಾಸ್ಟ್ರು ಕೇಳಿದರು. ಹೆಂಡತಿ ನೆಲಕ್ಕೆ ಕೂತು ಸೂಜಿಯನ್ನು ಎಳೆದು ತೆಗೆದರು.

ಸಕ್ಕರೆ ಕಾಯಿಲೆ ಅವರಿಗೆ ಹೊಸದಲ್ಲ. ಮಾತ್ರೆಗಳನ್ನು ನೆನಪಾದಾಗ ನುಂಗುತ್ತ, ಪಥ್ಯವನ್ನು ಮನಸ್ಸಿಗೆ ಬಂದಾಗ ಮಾಡುತ್ತ, ಕಾಯಿಲೆಗೂ ಬಂದೆ ಬಂದೆ ಎನ್ನುತ್ತಲೇ ಕಾಲ ತಳ್ಳಿದ್ದರು. ಮರುದಿನ ಡಾಕ್ಟರು ಅವರನ್ನು ಮಲಗಿಸಿ, ಕಣ್ಣು ಮುಚ್ಚಲು ಹೇಳಿ, ಒಂದು ನೈಲಾನ್ ದಾರದ ತುದಿಯಿಂದ ಅಂಗಾಲನ್ನು ಅಲ್ಲಲ್ಲಿ ಮುಟ್ಟಿದರು. ಮುಟ್ಟಿದ್ದು ಗೊತ್ತಾದಾಗಲೆಲ್ಲ ಹೂಂ ಎನ್ನಬೇಕು. ಹಿಮ್ಮಡಿಯ ಹತ್ತಿರ ಮಾಸ್ಟ್ರು ಹೂಂ ಎಂದರು. ಆಮೇಲೆ ಬಹಳ ಹೊತ್ತು ಸುಮ್ಮನೆ ಮಲಗಿದ್ದರು. ಡಾಕ್ಟರು ಯಾಕೆ ನಿಲ್ಲಿಸಿದರೋ ಎಂದು ಕಣ್ಣು ಬಿಟ್ಟು ನೋಡಿದರೆ, ಅವರು ನಿಲ್ಲಿಸಿಯೇ ಇರಲಿಲ್ಲ. ದಾರ ಬೆರಳುಗಳ ಮೇಲೆ ಓಡಾಡುತ್ತಿತ್ತು. ಮೀಸೆ ಮೂಡುವ ಮೊದಲೇ ದಾರ ಹಿಡಿದವರು ಮಾಸ್ಟ್ರು. ಕತ್ತಲಲ್ಲಿ ಬೆರಳಾಡಿಸಿ ಇದು ಹತ್ತಿ, ಇದು ರೇಷ್ಮೆ ಎಂದು ಹೇಳುತ್ತಿದ್ದವರು. ದಾರ ಮುಟ್ಟಿದ್ದೇ ತಿಳಿಯದೆ ಮಲಗಿದ್ದೆನಲ್ಲ ಎಂದು ಅವರಿಗೆ ಅಳು ಬಂದಂತಾಯಿತು.

ಡಾಕ್ಟರು ಮುಚ್ಚುಮರೆಯಿಲ್ಲದೆ ಹೇಳಿದರು. ಮಾತ್ರೆ ಹೊತ್ತಿಗೆ ಸರಿಯಾಗಿ ಹೋಗಬೇಕು. ಬರಿಗಾಲಲ್ಲಿ ಇರಕೂಡದು, ದಿನವೂ ಅಂಗಾಲು ನೋಡಿಕೊಳ್ಳಬೇಕು. ದಿನವೂ ನಡೆಯಬೇಕು.

“ಹೋಗಿರೋದು ವಾಪಸ್ ಬರುತ್ತೆ ಅಂತ ನಾನು ಹೇಳಲ್ಲ. ಇರೋದನ್ನ ಉಳಿಸ್ಕೊಳ್ಳಿ.”

ಇರುವುದು ಎಂದರೆ ಹಿಮ್ಮಡಿ ಮತ್ತು ಪಾದದ ಅರ್ಧ. ಅದೂ ಹೋದರೆ ಮಿಷನ್ ಹೋಯಿತು, ಮಿಷನ್ ಹೋದರೆ ಮಾಸ್ಟ್ರಲ್ಲಿ ಉಳಿಯುವುದು ಏನೂ ಇಲ್ಲ. ಮೋಟಾರು ಹಾಕಿಸಿಕೊಳ್ಳಿ ಎಂದು ಅಳಿಯ ಸುಲಭವಾಗಿ ಹೇಳಿದ. ಮೋಟಾರಿಗೂ ಕಾಲೇ ಬೇಕು, ಎಷ್ಟು ಒತ್ತಿದೆ ಎಂದು ಪಾದಕ್ಕೆ ತಿಳಿಯಬೇಕು, ಇಲ್ಲದಿದ್ದರೆ ಹೊಲಿಗೆ ಕುದುರೆಯ ಹಾಗೆ ಓಡುತ್ತದೆ ಎಂದು ಅವನಿಗೆ ಯಾರು ಹೇಳುತ್ತಾರೆ.

ಮಾಸ್ಟ್ರು ನಡೆಯಲು ನಿರ್ಧರಿಸಿದರು. ನಿರ್ಧರಿಸುವುದರಲ್ಲಿ ಅವರಿಗೆ ಯಾವತ್ತೂ ತೊಂದರೆಯಿರಲಿಲ್ಲ. ಮೆತ್ತನೆಯ ಶೂ ಬಂತು, ಬಾಗಿಲ ಪಕ್ಕದಲ್ಲಿ ಪ್ರತಿಷ್ಠಾಪನೆಯಾಯಿತು, ಅದರ ಮೇಲೆ ಧೂಳು ಕೂತಿತು. ಅಲಾರಂ ಬಡಿದರೆ ಅದಕ್ಕೂ ನಿದ್ದೆಗಣ್ಣಲ್ಲಿ ಬಂದೆ ಎನ್ನುತ್ತಿದ್ದರು. ಅಳಿಯ ತನ್ನ ಹಳೆಯ ಫೋನೊಂದನ್ನು ತಂದುಕೊಟ್ಟು, ಇದನ್ನು ಜೇಬಿನಲ್ಲಿಟ್ಟುಕೊಳ್ಳಿ ಮಾವ, ನಡೆದ ಹೆಜ್ಜೆಯನ್ನೆಲ್ಲ ಇದೇ ಎಣಿಸುತ್ತದೆ, ಗುರಿ ಮುಟ್ಟಿದರೆ ಶಹಬ್ಬಾಸ್ ಎನ್ನುತ್ತದೆ ಎಂದ. ಮಾಸ್ಟ್ರು ಅದನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಎಂದಿನಂತೆ ಮಿಷನ್ ಮುಂದೆ ಕೂತರು. ಸಂಜೆಯ ಹೊತ್ತಿಗೆ ಫೋನು ಟಿಂಗ್ ಎಂದಿತು, ಪರದೆಯ ಮೇಲೆ ಬಣ್ಣದ ಚೂರುಗಳು ಹಾರಾಡಿದವು. ತೊಡೆ ಮೇಲೆ ಕೆಳಗೆ ಆಡಿದ್ದನ್ನೆಲ್ಲ ಆ ಪೆದ್ದು ಯಂತ್ರ ನಡಿಗೆ ಎಂದುಕೊಂಡಿತ್ತು. ಮಾಸ್ಟ್ರು ಪೆದ್ದರಲ್ಲ, ಅವರಿಗೆ ವಿಷಯ ತಕ್ಷಣ ತಿಳಿಯಿತು. ತಿಳಿದೂ ಹೆಂಡತಿಗೆ ಪರದೆ ತೋರಿಸಿ, ಕೂತಲ್ಲೇ ಊರಾಚೆಯವರೆಗೆ ಹೋಗಿಬಂದೆ ನೋಡು ಎಂದು ನಕ್ಕರು. ಹೆಂಡತಿ ನಗಲಿಲ್ಲ. ಬೈಯಲೂ ಇಲ್ಲ, ಸುಮ್ಮನೆ ಒಳಗೆ ಹೋದರು. ಇಷ್ಟು ವರ್ಷ ಬೈಸಿಕೊಂಡು ಬಂದ ಮಾಸ್ಟ್ರಿಗೆ ಆ ಸುಮ್ಮನಿರುವಿಕೆ ಹೆದರಿಕೆ ಹುಟ್ಟಿಸಿತು.

ಹೆಂಡತಿ ಕೈಚೆಲ್ಲಿ ಕೂತಿರಲಿಲ್ಲ. ಪಕ್ಕದ ಕಟ್ಟಡದ ಕೆಳಮನೆಗೆ ಹೋಗಿ ಡ್ರೈವರಣ್ಣನ ಹತ್ತಿರ ಎಲ್ಲವನ್ನೂ ಹೇಳಿಕೊಂಡು ಬಂದಿದ್ದರು. ಡ್ರೈವರಣ್ಣ ಬಸ್ಸು ಓಡಿಸಿ ನಿವೃತ್ತರಾದವರು. ಬೆಳಗ್ಗೆ ಬೆಳಕು ಹರಿಯುವ ಹೊತ್ತಿಗೆ ಇಸ್ತ್ರಿ ಮಾಡಿದ ಖಾಕಿ ಪ್ಯಾಂಟು ಹಾಕಿ, ಬೆಲ್ಟು ಬಿಗಿದು, ನೀರಿನ ಟ್ಯಾಂಕಿನ ಮೈದಾನಕ್ಕೆ ಸುತ್ತು ಹೊಡೆಯಲು ಹೋಗುತ್ತಿದ್ದರು. ರಕ್ತದೊತ್ತಡ ಇಳಿಸಿಕೊಳ್ಳಲು ಅವರ ಜೊತೆಗೆ ಎದುರು ಮನೆಯ ಟೈಪಿಸ್ಟ್ ಅಕ್ಕನೂ ಹೋಗುತ್ತಿದ್ದರು. ಆಕೆ ಕೋರ್ಟಿನಲ್ಲಿ ಸಾಕ್ಷಿಗಳ ಹೇಳಿಕೆ ಬೆರಳಚ್ಚು ಮಾಡಿ ಮಾಡಿ, ಯಾರ ಮಾತನ್ನೂ ಸುಲಭವಾಗಿ ನಂಬದ ಹೆಂಗಸು.

ಡ್ರೈವರಣ್ಣ ಅದಕ್ಕೆ ತದ್ವಿರುದ್ಧ. ಬಸ್ಸು ಓಡಿಸುವ ಕಾಲದಲ್ಲಿ, ರಸ್ತೆ ಪಕ್ಕದ ಮನೆಯೊಳಗಿಂದ ಯಾರಾದರೂ ‘ಬಂದೆ’ ಎಂದು ಕೂಗಿದರೆ, ಆ ಮನುಷ್ಯ ಬರುವವರೆಗೆ ಎಂಜಿನ್ನು ಗುರುಗುಟ್ಟಿಸುತ್ತ ನಿಲ್ಲುತ್ತಿದ್ದರಂತೆ. ಕಂಡಕ್ಟರು ಸಿಡಿಮಿಡಿಗೊಂಡರೂ, ಕೂತವರು ಗೊಣಗಿದರೂ ಜಗ್ಗುತ್ತಿರಲಿಲ್ಲ. ಬಂದೆ ಅಂದಮೇಲೆ ಬಿಟ್ಟುಹೋಗುವುದು ಹೇಗೆ ಎನ್ನುವುದು ಅವರ ವಾದ. ಆ ಎರಡಕ್ಷರವನ್ನು ಹಾಗೆ ಪೂರ್ತಿ ನಂಬಿದ ಮನುಷ್ಯ ಈ ಭೂಮಿಯ ಮೇಲೆ ಅವರೊಬ್ಬರೇ ಇರಬೇಕು. ಅಂಥವರು ಒಂದು ಬೆಳಗ್ಗೆ ಬಂದೆ ಮಾಸ್ಟ್ರ ಕಿಟಕಿಯ ಕೆಳಗೆ ಬಂದು ನಿಂತರು.

“ಮಾಸ್ಟ್ರೇ, ವಾಕಿಂಗ್ ಹೊರಟಿದ್ದೀವಿ. ಬರ್ತೀರಾ?”

“ಬಂದೆ,” ಎಂದು ಮಾಸ್ಟ್ರು ಮಗ್ಗುಲು ಬದಲಿಸಿದರು.

ಮತ್ತೆ ಎಚ್ಚರವಾದಾಗ ಗೋಡೆಯ ಮೇಲೆ ಬಿಸಿಲು ಬಿದ್ದಿತ್ತು. ಕೆಳಗೆ ಯಾರೋ ಮೆಲ್ಲಗೆ ಮಾತಾಡುತ್ತಿದ್ದರು. ಕಿಟಕಿಯಿಂದ ಬಗ್ಗಿ ನೋಡಿದರೆ ಡ್ರೈವರಣ್ಣ ಕೈ ಹಿಂದೆ ಕಟ್ಟಿಕೊಂಡು ನಿಂತಿದ್ದರು. ಟೈಪಿಸ್ಟ್ ಅಕ್ಕ ಅಂಗಡಿಯ ಮೆಟ್ಟಿಲ ಮೇಲೆ ಕೂತು ಆಕಳಿಸುತ್ತಿದ್ದರು. ಮಾಸ್ಟ್ರಿಗೆ ಮೈಯೆಲ್ಲ ಮುಳ್ಳಾಯಿತು. ಗಿರಾಕಿಗಳು ಕಾದದ್ದು ಉಂಟು, ಆದರೆ ಅವರು ಕಾಯುತ್ತ ಕೂಗಾಡುತ್ತಿದ್ದರು, ಕೂಗಾಡಿದವರಿಗೆ ಮರುಮಾತು ಹೇಳಿ ಸರಿದೂಗಿಸಬಹುದಿತ್ತು. ಸದ್ದಿಲ್ಲದೆ ಕಾಯುವವರಿಗೆ ಏನು ಹೇಳುವುದು? ಧೂಳು ಕೊಡವಿ ಶೂ ಹಾಕಿಕೊಂಡು, ಲೇಸು ಕಟ್ಟದೆಯೇ, ನಾಲ್ಕಾರು ನೆಪಗಳನ್ನು ನಾಲಿಗೆಯ ತುದಿಯಲ್ಲಿಟ್ಟುಕೊಂಡು ಕೆಳಗಿಳಿದರು. ಒಂದು ನೆಪವೂ ಬೇಕಾಗಲಿಲ್ಲ.

“ಬಂದ್ರಲ್ಲ, ಹೊರಡೋಣ,” ಎಂದರು ಡ್ರೈವರಣ್ಣ, ಈಗ ತಾನೇ ಬಂದು ನಿಂತವರ ಹಾಗೆ.

ಟೈಪಿಸ್ಟ್ ಅಕ್ಕ ಅಷ್ಟು ಸುಲಭಕ್ಕೆ ಬಿಡಲಿಲ್ಲ. “ಬಂದೆ ಅನ್ನೋದು ಭೂತಕಾಲ ಮಾಸ್ಟ್ರೇ. ನಮ್ಮ ಕೋರ್ಟಲ್ಲಿ ಹೇಳಿದ್ರೆ ಸುಳ್ಳು ಸಾಕ್ಷಿ ಆಗುತ್ತೆ,” ಎಂದು ದಾರಿಯುದ್ದಕ್ಕೂ ಕಾಲೆಳೆದರು.

ಒಂದು ದಿನ ಹೀಗಾದರೆ ಮನುಷ್ಯ ಬದಲಾಗಿಬಿಡುತ್ತಾನೆ ಎಂದು ನಂಬುವವರು ನಂಬಲಿ. ಮಾಸ್ಟ್ರು ಮರುದಿನವೂ ಮಗ್ಗುಲು ಬದಲಿಸಿದರು, ಅದರ ಮರುದಿನವೂ. ಕೆಳಗಿನವರು ಕಾದರು. ಶಾಲೆ ತೆರೆಯುವ ಕಾಲ ಬಂದು ಸಮವಸ್ತ್ರದ ಬಟ್ಟೆ ಸೊಂಟದೆತ್ತರಕ್ಕೆ ಬಿದ್ದಾಗ ಮಾಸ್ಟ್ರು ಒಂದು ಉಪಾಯ ಹೂಡಿದರು. ಕರೆ ಬಂದ ಕೂಡಲೆ ಹೆಂಡತಿಯನ್ನು ಕಿಟಕಿಗೆ ಕಳಿಸಿ, ನಾನು ಮನೆಯಲ್ಲಿಲ್ಲ ಎಂದು ಹೇಳು ಎಂದರು. ಹೆಂಡತಿ ಕಿಟಕಿಗೆ ಹೋಗಿ ಬೀದಿಗೆಲ್ಲ ಕೇಳುವಂತೆ ಹೇಳಿದರು: “ಅಣ್ಣಾ, ಅವರು ಮನೇಲಿಲ್ಲ ಅಂತ ಹೇಳೋಕೆ ಹೇಳ್ತಿದ್ದಾರೆ.” ಕೆಳಗೆ ಟೈಪಿಸ್ಟ್ ಅಕ್ಕ ನಗಲು ಶುರುಮಾಡಿದರು, ಬೇಕರಿಯವನು ನಕ್ಕ, ಪೇಪರು ಹಾಕುವವನು ನಕ್ಕ. ಡ್ರೈವರಣ್ಣ ನಗದೆ, ಹಾಗಾದರೆ ಎಲ್ಲಿಗೆ ಹೋಗಿದ್ದಾರೋ ಅಲ್ಲಿಂದ ಬರಲಿ, ನಾವಿಲ್ಲೇ ಇರುತ್ತೇವೆ ಎಂದರು. ಮಾಸ್ಟ್ರು ಮುಖ ಕೆಂಪಗೆ ಮಾಡಿಕೊಂಡು ಇಳಿದು ಬಂದರು.

ಹೀಗೆ ನಾಚಿಕೆಯಿಂದ ಶುರುವಾದದ್ದು ಯಾವಾಗ ರೂಢಿಯಾಯಿತೋ ಅವರಿಗೇ ತಿಳಿಯಲಿಲ್ಲ. ಮೊದಮೊದಲು ಮೈದಾನದ ಮೊದಲ ಸುತ್ತಿಗೇ ಏದುಸಿರು ಬರುತ್ತಿತ್ತು. ಆಮೇಲೆ ಮಾತಾಡುತ್ತ ಸುತ್ತುವಷ್ಟಾಯಿತು. ಮೂವರೂ ನಡೆಯುತ್ತ ಅಂಥ ದೊಡ್ಡ ವಿಷಯವನ್ನೇನೂ ಮಾತಾಡುತ್ತಿರಲಿಲ್ಲ. ಯಾರ ಮನೆಯಲ್ಲಿ ನಲ್ಲಿ ಸೋರುತ್ತಿದೆ, ಯಾರ ಸೊಸೆ ಯಾರಿಗೆ ಏನೆಂದಳು, ಕೋರ್ಟಿನಲ್ಲಿ ನಿನ್ನೆ ಯಾವ ಸಾಕ್ಷಿ ಹೇಗೆ ಜಾರಿಕೊಂಡ. ಹಿಂತಿರುಗಿ ಬಂದು ಅಂಗಡಿಯ ಮೆಟ್ಟಿಲ ಮೇಲೆ ಕೂತು ಮಾಸ್ಟ್ರು ಶೂ ಕಳಚಿ ಅಂಗಾಲು ತೋರಿಸಬೇಕು, ಟೈಪಿಸ್ಟ್ ಅಕ್ಕ ಕನ್ನಡಕ ಏರಿಸಿ ತಪಾಸಣೆ ಮಾಡಿ, ಗಾಯವಿಲ್ಲ ಎಂದು ತೀರ್ಪು ಕೊಡಬೇಕು. ಇದೂ ದಿನಚರಿಯಾಯಿತು.

ಒಮ್ಮೆ ಟೈಪಿಸ್ಟ್ ಅಕ್ಕನೇ ತಡಮಾಡಿದರು. ಡ್ರೈವರಣ್ಣ ಕರೆದಾಗ ಒಳಗಿನಿಂದ ಬಂದೆ ಎಂಬ ಉತ್ತರ ಬಂತು. ಮಾಸ್ಟ್ರು ಕಿವಿಗೊಟ್ಟು ಕೇಳಿ, ಕೂತುಕೊಳ್ಳಿ ಅಣ್ಣಾ, ಆಕೆ ಇನ್ನೂ ಎದ್ದಿಲ್ಲ, ಅದು ಮಲಗಿಕೊಂಡು ಹೇಳಿದ ಬಂದೆ ಎಂದರು. ಡ್ರೈವರಣ್ಣ ಕಣ್ಣರಳಿಸಿದರು. ಮಾಸ್ಟ್ರು ಗುಟ್ಟು ಬಿಟ್ಟುಕೊಟ್ಟರು. ಮಲಗಿ ಹೇಳಿದ ಬಂದೆ ಗಂಟಲಿನಿಂದ ಬರುತ್ತದೆ, ದೇ ಎನ್ನುವುದು ಉದ್ದವಾಗುತ್ತದೆ. ಎದ್ದು ಕೂತು ಹೇಳಿದ್ದು ಮೋಟಾಗಿರುತ್ತದೆ. ನಿಜವಾಗಿ ಹೊರಟವರ ಬಂದೆ ಬಗ್ಗಿ ಚಪ್ಪಲಿ ಹುಡುಕುವ ದನಿಯಲ್ಲಿರುತ್ತದೆ. ಇಷ್ಟು ವರ್ಷ ಬಸ್ಸು ನಿಲ್ಲಿಸಿಕೊಂಡು ಕಾದೆನಲ್ಲ, ಇದೊಂದು ನನಗೆ ತಿಳಿಯಲಿಲ್ಲವಲ್ಲ ಎಂದು ಡ್ರೈವರಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕರು.

ಡಾಕ್ಟರು ಮತ್ತೆ ನೈಲಾನ್ ದಾರ ತೆಗೆದಾಗ ಬೆರಳುಗಳು ಮೊದಲಿನಂತೆಯೇ ಮೂಕವಾಗಿದ್ದವು. ಆದರೆ ಜೋಮು ಒಂದು ಬೆರಳಗಲವೂ ಮುಂದೆ ಹೋಗಿರಲಿಲ್ಲ. ರಕ್ತದಲ್ಲಿನ ಸಕ್ಕರೆ ಇಳಿದಿತ್ತು. ಇದೇ ದೊಡ್ಡದು, ಬಿಡಬೇಡಿ ಎಂದು ಡಾಕ್ಟರು ಬೆನ್ನು ತಟ್ಟಿದರು. ಮಾಸ್ಟ್ರು ಆ ದಿನ ಹೇಳಿದ ಹೊತ್ತಿಗೆ ಒಬ್ಬರ ಷರಟು ಕೊಟ್ಟರು, ಗಿರಾಕಿ ನಂಬಲಾಗದೆ ಎರಡು ಸಲ ಬಿಚ್ಚಿ ನೋಡಿದರು.

ಆಮೇಲೊಂದು ಬೆಳಗ್ಗೆ ಕಿಟಕಿಯ ಕೆಳಗಿನಿಂದ ಕರೆ ಬರಲಿಲ್ಲ.

ಮಾಸ್ಟ್ರಿಗೆ ತಾನಾಗಿಯೇ ಎಚ್ಚರವಾಗಿತ್ತು. ಈಗ ಕರೆಯುತ್ತಾರೆ, ಇನ್ನೇನು ಕರೆಯುತ್ತಾರೆ ಎಂದು ಮಲಗಿದ್ದರು. ಇವತ್ತು ಬಚಾವಾದೆ ಎಂದು ಹಳೆಯ ಸಂತೋಷವೂ ಒಂದು ಗಳಿಗೆ ಇಣುಕಿತು. ಅಷ್ಟರಲ್ಲಿ ಹೆಂಡತಿ ಓಡಿಬಂದು, ಡ್ರೈವರಣ್ಣನಿಗೆ ಲಕ್ವ ಹೊಡೆದಿದೆಯಂತೆ, ಆಸ್ಪತ್ರೆಗೆ ಒಯ್ದರಂತೆ ಎಂದರು.

ಜೀವಕ್ಕೆ ಅಪಾಯವಾಗಲಿಲ್ಲ. ಎಡಗೈ, ಎಡಗಾಲು ಸೋತಿದ್ದವು. ಮಾತು ಸ್ವಲ್ಪ ತೊದಲುತ್ತಿತ್ತು, ಬುದ್ಧಿ ಚುರುಕಾಗಿಯೇ ಇತ್ತು. ಕೋಲು ಹಿಡಿದು, ಯಾರಾದರೂ ಜೊತೆಗಿದ್ದು, ದಿನವೂ ನಡೆಸಬೇಕು, ಈ ಮೊದಲ ತಿಂಗಳುಗಳಲ್ಲಿ ನಡೆದಷ್ಟೂ ಕಾಲು ತಿರುಗಿ ಬರುತ್ತದೆ ಎಂದು ಆಸ್ಪತ್ರೆಯವರು ಹೇಳಿ ಕಳಿಸಿದ್ದರು. ಡ್ರೈವರಣ್ಣ ಹಾಸಿಗೆ ಬಿಟ್ಟು ಕಿಟಕಿಯ ಪಕ್ಕದ ಕುರ್ಚಿಗೆ ಬಂದರೇ ಹೊರತು ಹೊಸಿಲು ದಾಟಲಿಲ್ಲ. ನೋಡಲು ಬಂದವರ ಜೊತೆ ಹವಾಮಾನದ ಬಗ್ಗೆ ಮಾತಾಡುತ್ತಿದ್ದರು. ಕಾಲಿನ ಮಾತು ಬಂದರೆ ಗೋಡೆಯ ಕಡೆಗೆ ತಿರುಗಿಕೊಳ್ಳುತ್ತಿದ್ದರು. ಮಾಸ್ಟ್ರೂ ಒಂದೆರಡು ಸಲ ಹೋಗಿ, ನೆಟ್ಟಗೆ ನಿಂತಿದ್ದ ಮನುಷ್ಯನನ್ನು ಹಾಗೆ ನೋಡಲಾರದೆ ಬೇಗ ಎದ್ದು ಬಂದರು.

ಇತ್ತ ವಾಕಿಂಗೂ ಕುಂಟತೊಡಗಿತು. ಮಾಸ್ಟ್ರು, ಟೈಪಿಸ್ಟ್ ಅಕ್ಕ ಇಬ್ಬರೇ ಕೆಲವು ದಿನ ಹೋದರು. ಆಕೆ ಕರೆಯಲಿ ಎಂದು ಇವರು, ಇವರು ಇಳಿದು ಬರಲಿ ಎಂದು ಆಕೆ. ಒಂದು ದಿನ ಮಳೆ, ಒಂದು ದಿನ ತಲೆನೋವು, ಆಮೇಲೆ ಕಾರಣವೇ ಬೇಕಾಗಲಿಲ್ಲ. ಶೂಗಳು ಬಾಗಿಲ ಪಕ್ಕದ ತಮ್ಮ ಹಳೆಯ ಜಾಗಕ್ಕೆ ಹೋದವು. ಮೇಷ್ಟ್ರಿಲ್ಲದ ತರಗತಿ ಚದುರಿದ ಹಾಗೆ ಮೂವರ ಆ ಸಣ್ಣ ಸಂಸಾರ ಚದುರಿಹೋಯಿತು. ನಾನು ಬದಲಾಗಿದ್ದೇನೆ ಎಂದು ಮಾಸ್ಟ್ರು ಒಳಗೊಳಗೇ ಜಂಬಪಟ್ಟಿದ್ದರಲ್ಲ, ಬದಲಾದದ್ದು ತಾನಲ್ಲ, ಕೆಳಗೆ ನಿಂತು ಕಾದವರು ತನ್ನನ್ನು ಎತ್ತಿ ನಡೆಸಿದ್ದರು ಎಂದು ಈಗ ಗೊತ್ತಾಯಿತು. ಗೊತ್ತಾದರೂ ಏಳಲಾಗಲಿಲ್ಲ.

ಒಂದು ಸಂಜೆ ಅಂಗಡಿಗೆ ಬೀಗ ಹಾಕಿ ಮೇಲೆ ಬಂದಾಗ ಹೆಂಡತಿ ಬಾಗಿಲಲ್ಲೇ ತಡೆದು, ಇನ್ನೊಂದು ಚಪ್ಪಲಿ ಎಲ್ಲಿ ಎಂದರು. ಮಾಸ್ಟ್ರು ಕೆಳಗೆ ನೋಡಿಕೊಂಡರು. ಬಲಗಾಲು ಬರಿದಾಗಿತ್ತು. ಕಳಚಿದ ಚಪ್ಪಲಿ ಮೆಟ್ಟಿಲಿನ ಬುಡದಲ್ಲೇ ಬಿದ್ದಿತ್ತು, ಅಷ್ಟೂ ಮೆಟ್ಟಿಲನ್ನು ಅವರು ಒಂದೇ ಚಪ್ಪಲಿಯಲ್ಲಿ ಹತ್ತಿದ್ದರು. ಹೆಂಡತಿ ಸೆರಗಿನಲ್ಲಿ ಅವರ ಕಾಲು ಒರೆಸಿ ಗಾಯ ಹುಡುಕುತ್ತಿರುವಾಗ ಮಾಸ್ಟ್ರು ಚಿಕ್ಕ ಮಗುವಿನಂತೆ ಅತ್ತುಬಿಟ್ಟರು.

ಮರುದಿನ ಬೆಳಕು ಹರಿಯುವ ಹೊತ್ತಿಗೆ ಅವರು ಶೂ ಹಾಕಿ, ಲೇಸು ಕಟ್ಟಿ, ಟೈಪಿಸ್ಟ್ ಅಕ್ಕನನ್ನು ಕೂಗಿ ಎಬ್ಬಿಸಿ, ಡ್ರೈವರಣ್ಣನ ಕಿಟಕಿಯ ಹೊರಗೆ ನಿಂತರು.

“ಅಣ್ಣಾ, ವಾಕಿಂಗ್ ಹೊರಟಿದ್ದೀವಿ. ಬರ್ತೀರಾ?”

ಬಹಳ ಹೊತ್ತಿನ ಮೇಲೆ ಒಳಗಿನಿಂದ ತೊದಲು ದನಿ ಬಂತು. “ನಾನು ಬಂದೆ ಅಂದಿಲ್ಲ. ನೀವು ಹೊರಡಿ.”

ತಮ್ಮ ಕಾನೂನನ್ನೇ ಡ್ರೈವರಣ್ಣ ತಿರುಗಿಸಿ ಹೇಳಿದ್ದರು. ಬಂದೆ ಎಂದವರಿಗೆ ತಾನೇ ಕಾಯುವುದು, ಬರುವುದಿಲ್ಲ ಎಂದವರಿಗೆ ಬಸ್ಸು ನಿಲ್ಲುವುದಿಲ್ಲ. ಅದೂ ನಿಜವೇ ಎಂದು ಮಾಸ್ಟ್ರು ಹೊರಟರು. ಆದರೆ ಮರುದಿನ ಮತ್ತೆ ಅದೇ ಕಿಟಕಿ, ಅದೇ ಪ್ರಶ್ನೆ. ಡ್ರೈವರಣ್ಣ ಕೆಲವು ದಿನ ಉತ್ತರ ಕೊಟ್ಟರು, ಕೆಲವು ದಿನ ಕೊಡಲಿಲ್ಲ, ಒಂದು ದಿನ ರೇಗಿದರು. ಮಾಸ್ಟ್ರ ಹೆಂಡತಿ ಮಾತ್ರ ಬೇರೆಯೊಂದು ವಿಷಯ ಗಮನಿಸಿದರು. ಯಾರೂ ಕರೆಯದೆ, ಅಲಾರಂ ಇಲ್ಲದೆ, ಈ ಮನುಷ್ಯ ಈಗ ಎದ್ದು ಹೋಗುತ್ತಿದ್ದಾರೆ. ಬಾಯಿಬಿಟ್ಟು ಹೇಳಿದರೆ ಎಲ್ಲಿ ದೃಷ್ಟಿ ತಾಗುತ್ತದೋ ಎಂದು ಸುಮ್ಮನಿದ್ದರು.

ಒಂದು ಮಧ್ಯಾಹ್ನ ಡ್ರೈವರಣ್ಣನ ಹೆಂಡತಿ ಅಂಗಡಿಗೆ ಬಂದರು. ಮಾಸ್ಟ್ರು ಅವರನ್ನು ಅತ್ತಿಗೆ ಎಂದು ಕರೆಯುತ್ತಿದ್ದರು. ಅತ್ತಿಗೆಯ ಕೈಯಲ್ಲಿ ಖಾಕಿ ಪ್ಯಾಂಟಿತ್ತು, ಗುಂಡಿ ಕಿತ್ತುಬಂದು, ಅದನ್ನು ತೂರಿಸುವ ಕಾಜ ಹರಿದಿತ್ತು. ಸರಿಮಾಡಿ ಕೊಡು ಎಂದರು. ಕಾಜ ಹೀಗೆ ಹೇಗೆ ಹರಿಯುತ್ತದೆ ಎಂದು ಮಾಸ್ಟ್ರು ಕೇಳಿದ್ದೇ ತಡ, ಅತ್ತಿಗೆ ಸ್ಟೂಲಿನ ಮೇಲೆ ಕೂತು ಹೇಳಿಕೊಂಡರು.

“ಒಂದೇ ಕೈಲಿ ಗುಂಡಿ ಹಾಕೋಕೆ ಹೋಗ್ತಾರಪ್ಪ. ಬಚ್ಚಲ ಬಾಗಿಲು ಹಾಕ್ಕೊಂಡು ಎಷ್ಟೋ ಹೊತ್ತು ಒದ್ದಾಡ್ತಾರೆ. ನಾನು ಹಾಕ್ತೀನಿ ಅಂದ್ರೆ ಮೈಮೇಲೆ ಬರ್ತಾರೆ. ಮನೇಲಿ ಹಾಕೋ ಬಟ್ಟೇಲಿ ಬೀದಿಗೆ ಬರೋ ಜನ ಅಲ್ಲ ಅವರು, ನಿನಗೇ ಗೊತ್ತು.”

ಎಲ್ಲರೂ ಕಾಲು, ಕಾಲು ಎಂದು ಹೊಡೆದುಕೊಳ್ಳುತ್ತಿದ್ದರು. ಕಾಲಿಗಿಂತ ಮುಂಚೆ ಒಂದು ಗುಂಡಿ ಅಡ್ಡ ನಿಂತಿತ್ತು. ಅತ್ತಿಗೆ ಹೋದ ಮೇಲೆ ಮಾಸ್ಟ್ರು ಅಂಗಡಿಯ ಪರದೆ ಎಳೆದು, ತಮ್ಮ ಎಡಗೈಯನ್ನು ಬೆನ್ನ ಹಿಂದಿಟ್ಟುಕೊಂಡು, ಬಲಗೈಯೊಂದರಲ್ಲೇ ಹೊಲಿದಿಟ್ಟಿದ್ದ ಬೇರೊಂದು ಪ್ಯಾಂಟು ತೊಡಲು ನೋಡಿದರು. ಸೊಂಟ ಜಾರಿತು, ಗುಂಡಿ ಕೈಗೆ ಸಿಗಲಿಲ್ಲ, ಹಣೆಯಲ್ಲಿ ಬೆವರು ಬಂತು. ಒಬ್ಬ ಗಿರಾಕಿ ಹೊರಗಿನಿಂದ ಕರೆದ. ಮಾಸ್ಟ್ರು ಅಭ್ಯಾಸಬಲದಿಂದ ಬಂದೆ ಎನ್ನಲು ಹೋಗಿ, ತಡೆದು, ಇವತ್ತು ಆಗಲ್ಲಪ್ಪ, ನಾಳೆ ಬಾ ಎಂದು ನಿಜ ಹೇಳಿದರು.

ಬೇರೆ ಹೊಲಿಗೆಯನ್ನೆಲ್ಲ ಪಕ್ಕಕ್ಕೆ ತಳ್ಳಿ ಹೊಸ ಖಾಕಿ ಬಟ್ಟೆ ಕತ್ತರಿಸಿದರು. ಸೊಂಟದ ಎರಡೂ ಬದಿಯಲ್ಲಿ, ಹೊರಗೆ ಕಾಣದಂತೆ, ಎಲಾಸ್ಟಿಕ್ ಕೊಟ್ಟರು. ಬಲಗಡೆ ಹೆಬ್ಬೆರಳು ತೂರಿಸಿ ಎಳೆದುಕೊಳ್ಳಲು ಒಂದು ಕುಣಿಕೆ ಹೊಲಿದರು. ಮುಂದೆ ಗುಂಡಿಯ ಜಾಗದಲ್ಲಿ, ಒಳಬದಿಗೆ, ಒತ್ತಿದರೆ ಅಂಟುವ ಪಟ್ಟಿ. ಅದರ ಮೇಲೆ, ನೋಡುವವರ ಕಣ್ಣಿಗೆ, ಹಿತ್ತಾಳೆ ಬಣ್ಣದ ಒಂದು ಗುಂಡಿ, ಸುಮ್ಮನೆ. ಹೊಲಿಯುವಾಗ ಪಾದಕ್ಕೆ ಗೊತ್ತಾಗದಷ್ಟನ್ನು ಹಿಮ್ಮಡಿಯಿಂದ ತಿಳಿದುಕೊಳ್ಳುತ್ತ ಮೆಲ್ಲಗೆ ತುಳಿದರು. ಇಸ್ತ್ರಿಯ ಗೆರೆ ಕತ್ತಿಯ ಅಲಗಿನಂತೆ ಎಬ್ಬಿಸಿ, ಮಡಿಸಿ, ಸಂಜೆಯೇ ಒಯ್ದು ಅತ್ತಿಗೆಯ ಕೈಗಿಟ್ಟು, ಅಳತೆ ಸರಿಯಾಗಿದೆಯಾ ಅಣ್ಣ ಒಬ್ಬರೇ ಹಾಕಿಕೊಂಡು ನೋಡಲಿ ಎಂದಷ್ಟೇ ಹೇಳಿ ಬಂದರು.

ಮರುದಿನ ಕರೆದರೆ ಉತ್ತರವಿಲ್ಲ. ಅದರ ಮರುದಿನವೂ ಇಲ್ಲ. ಉಪಕಾರ ಮಾಡಲು ಹೋಗಿ ಅಣ್ಣನ ಮನಸ್ಸಿಗೆ ನೋವು ಮಾಡಿದೆನೇನೋ ಎಂದು ಮಾಸ್ಟ್ರಿಗೆ ಊಟ ಸೇರಲಿಲ್ಲ.

ಮೂರನೆಯ ಬೆಳಗ್ಗೆ ಅವರು ಕಿಟಕಿಯ ಹೊರಗೆ ನಿಂತು ಕರೆದು, ಎಂದಿನಂತೆ ಹೊರಡಲು ತಿರುಗಿದರು. ಆಗ ಒಳಗಿನಿಂದ ದನಿ ಬಂತು.

“ಬಂದೆ.”

ಟೈಪಿಸ್ಟ್ ಅಕ್ಕ ಮಾಸ್ಟ್ರ ತೋಳು ಹಿಡಿದುಕೊಂಡರು. ಮಾಸ್ಟ್ರು ತಲೆ ಓರೆಮಾಡಿ ಆ ದನಿಯನ್ನು ಮನಸ್ಸಿನಲ್ಲೇ ಮತ್ತೊಮ್ಮೆ ಕೇಳಿಕೊಂಡರು. ಗಂಟಲಿನಿಂದ ಬಂದದ್ದು, ದೇ ಉದ್ದವಾಗಿತ್ತು.

“ಎದ್ದಿಲ್ಲ,” ಎಂದರು ಪಿಸುದನಿಯಲ್ಲಿ. “ಮಲಗಿಕೊಂಡೇ ಹೇಳಿದ್ದು. ಅಪ್ಪಟ ಸುಳ್ಳು.” ಹೇಳುತ್ತ ಹೇಳುತ್ತ ಅವರ ಕಣ್ಣು ತುಂಬಿಬಂತು.

“ಹಾಗಾದ್ರೆ ಹೋಗೋಣ್ವಾ?”

“ಹೋಗೋದು ಹೇಗೆ ಅಕ್ಕಾ? ಬಂದೆ ಅಂದಿದ್ದಾರಲ್ಲ.”

ಇಬ್ಬರೂ ಡ್ರೈವರಣ್ಣನ ಮನೆಯ ಮೆಟ್ಟಿಲ ಮೇಲೆ ಕೂತರು. ಬೇಕರಿಯವನು ಷಟರ್ ಎತ್ತಿದ. ಬಿಸಿಲು ಎದುರು ಗೋಡೆಯಿಂದ ಇಳಿದು ಅವರ ಮಂಡಿಯ ಮೇಲೆ ಬಂತು. ಕೋರ್ಟಿಗೆ ಹೊತ್ತಾಗುತ್ತಿದೆ ಎಂದು ಟೈಪಿಸ್ಟ್ ಅಕ್ಕ ಹೇಳಿದರು, ಆದರೆ ಏಳಲಿಲ್ಲ. ಒಳಗೆ ಮಂಚ ಕಿರ್ ಎಂದಿತು. ಕೋಲು ನೆಲಕ್ಕೆ ತಾಗಿದ ಸದ್ದು. ಬಹಳ ಹೊತ್ತು ಏನೂ ಇಲ್ಲ. ಆಮೇಲೆ ಚರ್ರ್ ಎಂದು ಅಂಟುಪಟ್ಟಿ ಬಿಚ್ಚಿದ ಸದ್ದು ಮಾಸ್ಟ್ರಿಗೆ ಕೇಳಿಸಿತು. ಸರಿಯಾಗಿ ಕೂತಿರಲಿಲ್ಲವೇನೋ, ಮತ್ತೊಮ್ಮೆ ಚರ್ರ್. ಆಮೇಲೆ ಸದ್ದಿಲ್ಲ. ಅಂಟಿತು, ಎಂದುಕೊಂಡರು ಮಾಸ್ಟ್ರು.

ಬಾಗಿಲು ತೆರೆದು ಡ್ರೈವರಣ್ಣ ಹೊಸಿಲ ಮೇಲೆ ನಿಂತರು. ಒಂದು ಕೈಯಲ್ಲಿ ಕೋಲು, ಇನ್ನೊಂದು ಕೈ ಜೋತುಬಿದ್ದಿತ್ತು. ಖಾಕಿ ಪ್ಯಾಂಟಿನ ಗೆರೆ ನೆಟ್ಟಗಿತ್ತು. ಬೀದಿಯ ಕಡೆಗೊಮ್ಮೆ ನೋಡಿ, ಮಾಸ್ಟ್ರ ಕಡೆ ನೋಡದೆ ಕೇಳಿದರು, “ತುಂಬಾ ತಡ ಆಯ್ತಾ?”

“ಬಂದ್ರಲ್ಲ, ಹೊರಡೋಣ,” ಎಂದರು ಮಾಸ್ಟ್ರು.

ಆ ದಿನ ಅವರು ಮೈದಾನದವರೆಗೆ ಹೋಗಲಿಲ್ಲ, ಬೇಕರಿಯವರೆಗೂ ಹೋಗಲಿಲ್ಲ. ಜೋಮು ಹಿಡಿದ ಕಾಲೊಂದು, ಎಳೆದು ಇಡುವ ಕಾಲೊಂದು, ಪಕ್ಕದಲ್ಲಿ ಟೈಪಿಸ್ಟ್ ಅಕ್ಕನ ಆತುರದ ಕಾಲುಗಳೆರಡು, ಎಲ್ಲವೂ ಸೇರಿ ಟೈಲರ್ ಅಂಗಡಿಯ ಬಾಗಿಲವರೆಗೆ ಹೋಗಿ ತಿರುಗಿದವು. ಹಿಂದೆ ಬಂದು ಮೆಟ್ಟಿಲ ಹತ್ತಿರ ನಿಂತಾಗ ಡ್ರೈವರಣ್ಣನ ಮುಖದಲ್ಲಿ ನೀರಿಳಿಯುತ್ತಿತ್ತು, ಬೆವರೋ ಕಣ್ಣೀರೋ ಯಾರೂ ವಿಚಾರಿಸಲಿಲ್ಲ.

“ನಾಳೆನೂ ಕರೀತೀರಾ?” ಎಂದರು. “ಬಂದೆ ಅಂತ ಹೇಳ್ತೀನಿ ಮಾಸ್ಟ್ರೇ, ಆದ್ರೆ ಏಳ್ತೀನೋ ಇಲ್ವೋ ಗೊತ್ತಿಲ್ಲ.”

“ನೀವು ಹೇಳಿ ಸಾಕು,” ಎಂದರು ಮಾಸ್ಟ್ರು. “ಕಾಯೋದು ನಮ್ಮ ಕೆಲಸ.”